ಪಿಲ್ಲರ್‌ಗೆ ಯಾವ ಮೇಣ, ವೋಟಿವ್‌ಗೆ ಯಾವ ಮೇಣ? ಮನೆಯಲ್ಲಿ ಕ್ಯಾಂಡಲ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಕರೆಂಟಿಗೆ ಗ್ಯಾರಂಟಿ ಇಲ್ಲ. ತಂತಿಯ ಮೇಲೆ ಒಂದು ಮರ ಬಿದ್ದರೂ ಸಾಕು, ತೀರ್ಥಹಳ್ಳಿ, ಹೊಸನಗರದ ಒಳಗಿನ ಊರುಗಳಲ್ಲಿ ಎರಡು ಮೂರು ದಿನ ಕತ್ತಲು. ಹಾಗಾಗಿ ಕ್ಯಾಂಡಲ್ ನಮಗೆ ಅಲಂಕಾರಕ್ಕಿಂತ ಮೊದಲು ಅಗತ್ಯದ ಸಾಮಾನು. ಈಚೆಗೆ ಸ್ವಸಹಾಯ ಸಂಘದವರು, ಕಾಲೇಜಿನ ಮಕ್ಕಳು ದೀಪಾವಳಿಗೆ, ಕ್ರಿಸ್‌ಮಸ್‌ಗೆ ಅಂತ ತಾವೇ ಮಾಡಿ ಮಾರುವುದೂ ಜಾಸ್ತಿಯಾಗಿದೆ. ಅಚ್ಚನ್ನು ಹುಡುಕಿ ತರುತ್ತಾರೆ, ಬಣ್ಣ ಆರಿಸುತ್ತಾರೆ, ಪರಿಮಳವನ್ನು ನಾಲ್ಕು ಕಡೆ ಮೂಸಿ ನೋಡುತ್ತಾರೆ. ಮೇಣ ಮಾತ್ರ ಅಂಗಡಿಯವರು ಕೊಟ್ಟದ್ದು. ಆಮೇಲೆ ಕ್ಯಾಂಡಲ್ ಬಾಗಿತು, ಅಚ್ಚಿನಿಂದ ಬರಲಿಲ್ಲ, ಬೆವರಿತು ಅಂತ ಬೇಜಾರು. ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಶುರುವಾಗುವುದೇ ಮೇಣ ಕೊಳ್ಳುವ ಹೊತ್ತಿಗೆ.

‘ಯಾವ ಮೇಣ ಒಳ್ಳೇದು?’ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಇಲ್ಲ. ನೀವು ಮಾಡುವ ಕ್ಯಾಂಡಲ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕಾ, ಗ್ಲಾಸಿನೊಳಗೆ ಕರಗಬೇಕಾ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಅಲ್ಲಿಂದ ಮುಂದಿನದೆಲ್ಲ ಸುಲಭ.

ಎರಡೂ ಒಂದೇ ಅಲ್ಲ

ಪಿಲ್ಲರ್ ಅಂದರೆ ದಪ್ಪ ಕಂಬದಂಥ ಕ್ಯಾಂಡಲ್. ಸುತ್ತ ಗಾಜಿಲ್ಲ, ಡಬ್ಬಿ ಇಲ್ಲ. ಉರಿಯುವಾಗ ನಡುವಿನ ಮೇಣ ಕರಗಿ ಕೊಳವಾಗುತ್ತದೆ, ಹೊರಗಿನ ಗೋಡೆ ಗಟ್ಟಿಯಾಗಿಯೇ ಉಳಿದು ಆ ಕೊಳವನ್ನು ಹಿಡಿದಿಟ್ಟುಕೊಳ್ಳಬೇಕು. ಗೋಡೆ ಮೆದುವಾದರೆ ಮೇಣ ಸೋರಿ ಮೇಜಿನ ಮೇಲೆ. ಹಾಗಾಗಿ ಇದಕ್ಕೆ ಗಟ್ಟಿ ಮೇಣ ಬೇಕು, ಜಾಸ್ತಿ ಬಿಸಿಗೆ ಕರಗುವಂಥದ್ದು. ಇನ್ನೂ ಒಂದು ಗುಣ ಬೇಕು. ಆರುವಾಗ ಅದು ಚೆನ್ನಾಗಿ ಕುಗ್ಗಬೇಕು. ಕುಗ್ಗಿದರೆ ಅಚ್ಚಿನ ಗೋಡೆ ಬಿಟ್ಟುಕೊಂಡು ಸಲೀಸಾಗಿ ಹೊರಗೆ ಬರುತ್ತದೆ.

ವೋಟಿವ್ ಚಿಕ್ಕದು. ಸುಮಾರು 5 ಸೆಂಟಿಮೀಟರ್ ಅಗಲ, ಕೆಳಗೆ ಸ್ವಲ್ಪ ಸಣ್ಣ, ಮೇಲೆ ಸ್ವಲ್ಪ ಅಗಲ. ಇದನ್ನು ಅಚ್ಚಿನಲ್ಲಿ ಮಾಡಿ ಹೊರಗೆ ತೆಗೆಯುತ್ತೇವೆ, ಆದರೆ ಉರಿಸುವುದು ಇದಕ್ಕಿಂತ ತುಸು ದೊಡ್ಡ ಗ್ಲಾಸಿನಲ್ಲಿಟ್ಟು. ಹಚ್ಚಿ ಸ್ವಲ್ಪ ಹೊತ್ತಿಗೆ ಪೂರ್ತಿ ಕರಗಿ ಗ್ಲಾಸು ತುಂಬಿಕೊಳ್ಳಬೇಕು. ಪಿಲ್ಲರ್‌ನ ಗಟ್ಟಿ ಮೇಣವನ್ನೇ ಇಲ್ಲಿ ಸುರಿದರೆ ನಡುವೆ ತೂತು ಕೊರೆದುಕೊಂಡು ಬತ್ತಿ ಕೆಳಗಿಳಿಯುತ್ತದೆ, ಸುತ್ತಲಿನ ಮೇಣ ಕರಗದೆ ದಂಡವಾಗುತ್ತದೆ. ಅದೇ ರೀತಿ ವೋಟಿವ್‌ನ ಮೆದು ಮೇಣದಲ್ಲಿ ಮಾಡಿದ ಪಿಲ್ಲರ್ ಏಪ್ರಿಲ್ ತಿಂಗಳಲ್ಲಿ ಹಚ್ಚದೆಯೂ ವಾಲುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಆಗ ಹೊರಗೆ 36-37 ಡಿಗ್ರಿ ಇರುತ್ತದೆ. ತಗಡಿನ ಶೀಟು ಹಾಕಿದ ಕೋಣೆಯೊಳಗೆ ಇನ್ನೂ ಜಾಸ್ತಿ.

ಡಿಗ್ರಿ ಕೇಳಿ, ಆಮೇಲೆ ರೇಟು ಕೇಳಿ

ನಮಗೆ ಸುಲಭವಾಗಿ ಸಿಗುವುದು ಪ್ಯಾರಾಫಿನ್. ಇದು ಪೆಟ್ರೋಲಿಯಂನಿಂದ ಬರುವ ಮೇಣ. ಲೂಬ್ರಿಕೇಟಿಂಗ್ ಆಯಿಲ್ ಶುದ್ಧ ಮಾಡುವಾಗ ಬೇರ್ಪಡುತ್ತದೆ. ಅಸ್ಸಾಮಿನ ದಿಗ್ಬೋಯ್, ನುಮಾಲಿಗಢ, ಹಾಗೇ ಚೆನ್ನೈನ ರಿಫೈನರಿಗಳಲ್ಲಿ ತಯಾರಾಗುತ್ತದೆ. ಬಿಳಿ ಹಲಗೆಗಳಾಗಿ ಚೀಲದಲ್ಲಿ ಬರುತ್ತದೆ, ಅಂಗಡಿಯವರು ಅದನ್ನು ಒಡೆದು ಕೇಜಿ ಲೆಕ್ಕದಲ್ಲಿ ಕೊಡುತ್ತಾರೆ.

ಚೀಲದ ಮೇಲೆ 58-60 ಅಂತಲೋ 60-62 ಅಂತಲೋ ಬರೆದಿರುತ್ತದೆ. ಅದೇ ಕರಗುವ ಡಿಗ್ರಿ. ನೀವು ನೋಡಬೇಕಾದ ಮೊದಲ ಅಂಕಿ ಇದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಳ್ಳಿ, ಬೆಂಗಳೂರಿನಿಂದ ತರಿಸಿ, ಕೇಳುವುದು ಒಂದೇ: ‘ಅಣ್ಣಾ, ಇದು ಎಷ್ಟು ಡಿಗ್ರೀದು? ಫುಲ್ ರಿಫೈನ್ಡಾ, ಸೆಮಿ ರಿಫೈನ್ಡಾ?’ ಒಡೆದ ತುಂಡು ಕೊಟ್ಟರೆ ಚೀಲ ತೋರಿಸಿ ಅನ್ನಿ. ಕೇಳುವುದಕ್ಕೆ ಸಂಕೋಚ ಬೇಡ.

ಪಿಲ್ಲರ್‌ಗೆ 58-60 ಕನಿಷ್ಠ. 60-62 ಸಿಕ್ಕಿದರೆ ಬಯಲುಸೀಮೆ ಕಡೆಗೆ ಕಳಿಸುವವರಿಗೆ, ಬೇಸಿಗೆಯಲ್ಲಿ ಮಾರುವವರಿಗೆ ಇನ್ನೂ ಒಳ್ಳೆಯದು. ವೋಟಿವ್‌ಗೆ 53ರಿಂದ 57ರೊಳಗಿನದು ಸರಿಹೋಗುತ್ತದೆ.

ಫುಲ್ ರಿಫೈನ್ಡ್, ಸೆಮಿ ರಿಫೈನ್ಡ್ ಅನ್ನುವುದು ಮೇಣದೊಳಗೆ ಉಳಿದ ಎಣ್ಣೆಯ ಲೆಕ್ಕ. ಪೂರ್ತಿ ಶುದ್ಧ ಮಾಡಿದ್ದರಲ್ಲಿ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲಿಗಿಂತ ಕಮ್ಮಿ. ಸೆಮಿಯಲ್ಲಿ ಅದು ನೂರಕ್ಕೆ ಎರಡು ಮೂರು ಪಾಲಿನವರೆಗೂ ಇರಬಹುದು. ಆ ಎಣ್ಣೆಯೇ ಸೆಕೆಗೆ ಹೊರಗೆ ಬಂದು ಕ್ಯಾಂಡಲ್ ಬೆವರಿದಂತೆ ಕಾಣುವುದು, ಧೂಳು ಅಂಟುವುದು, ವಾಸನೆ ಬರುವುದು. ಕೇಜಿಗೆ ಒಂದಿಷ್ಟು ಉಳಿಯುತ್ತದೆ ಅಂತ ಪಿಲ್ಲರ್‌ಗೆ ಸೆಮಿ ತರಬೇಡಿ.

ಚೀಲ ನೋಡಲು ಸಿಗಲಿಲ್ಲ ಅಂದರೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು.

ಮೊದಲನೆಯದು ಎಣ್ಣೆಯದು. ಮೇಣದ ತೆಳು ಹೋಳನ್ನು ಎರಡು ಬಿಳಿ ಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆಯ ಕಲೆ ಹರಡಿದ್ದರೆ ಅದು ಸೆಮಿ.

ಎರಡನೆಯದು ಡಿಗ್ರಿಯದು, ಇದನ್ನು ಎಲ್ಲರೂ ಒಮ್ಮೆ ಮಾಡಲೇಬೇಕು ಅನ್ನುತ್ತೇನೆ. ನೂರು ಗ್ರಾಂ ಪ್ಯಾರಾಫಿನ್ ಅನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಅಡುಗೆಯ ಥರ್ಮಾಮೀಟರ್ ಇಳಿಬಿಟ್ಟು, ಒಲೆಯಿಂದ ಇಳಿಸಿ, ಮೆಲ್ಲಗೆ ಕಲಕುತ್ತಾ ಪ್ರತಿ ನಿಮಿಷಕ್ಕೆ ಒಮ್ಮೆ ಡಿಗ್ರಿ ಬರೆದಿಟ್ಟುಕೊಳ್ಳಿ. 75, 72, 69 ಅಂತ ಬೇಗ ಬೇಗ ಇಳಿಯುತ್ತದೆ. ಒಂದು ಹಂತದಲ್ಲಿ ಮೇಣ ಮಬ್ಬಾಗಲು ಶುರುವಾಗುತ್ತದೆ, ಅಂಚಿನಲ್ಲಿ ಬಿಳಿ ಕೆನೆ ಕಟ್ಟುತ್ತದೆ. ಅಲ್ಲಿ ಅಂಕಿ ನಿಂತುಬಿಡುತ್ತದೆ. ನಾಲ್ಕೈದು ಸಲ ಬರೆದರೂ ಹೆಚ್ಚುಕಮ್ಮಿ ಅದೇ. ಗಟ್ಟಿಯಾಗುವಾಗ ಮೇಣ ತನ್ನೊಳಗಿನ ಬಿಸಿಯನ್ನು ಬಿಟ್ಟುಕೊಡುತ್ತದೆ, ಹೊರಗೆ ಹೋಗುವ ಬಿಸಿಗೂ ಅದಕ್ಕೂ ಸರಿಹೋಗುತ್ತದೆ, ಅದಕ್ಕೇ ಇಳಿಯದೆ ನಿಲ್ಲುವುದು. ಆ ನಿಂತ ಅಂಕಿಯೇ ನಿಮ್ಮ ಮೇಣದ ಡಿಗ್ರಿ. 58-60 ಅಂತ ಕೊಟ್ಟದ್ದು 54ಕ್ಕೆ ನಿಂತರೆ ಪಿಲ್ಲರ್‌ಗೆ ಬಳಸಬೇಡಿ, ವೋಟಿವ್‌ಗೆ ಎತ್ತಿಡಿ. ಈ ಪರೀಕ್ಷೆ ಪ್ಯಾರಾಫಿನ್‌ಗೆ ಮಾತ್ರ ಚೆನ್ನಾಗಿ ನಡೆಯುತ್ತದೆ. ಜೇನುಮೇಣ, ಸೋಯಾಗಳಲ್ಲಿ ಅಂಕಿ ಇಷ್ಟು ಸ್ಪಷ್ಟವಾಗಿ ನಿಲ್ಲುವುದಿಲ್ಲ.

ಸ್ಟಿಯರಿಕ್ ಆಸಿಡ್ ಹಾಕಬೇಕಾ?

ಪಿಲ್ಲರ್‌ಗೆ ಹಾಕಬೇಕು. ಹೆಸರಿನಲ್ಲಿ ಆಸಿಡ್ ಇದೆ ಅಂತ ಹೆದರಬೇಡಿ. ಎಣ್ಣೆ, ಕೊಬ್ಬುಗಳಲ್ಲಿ ಇರುವಂಥದ್ದೇ ಇದು, ಬಿಳಿ ಹರಳಿನ ಹಾಗೆ ಸಿಗುತ್ತದೆ. ಈಗ ಮಾರುಕಟ್ಟೆಯಲ್ಲಿರುವುದು ಹೆಚ್ಚಾಗಿ ತಾಳೆ ಎಣ್ಣೆಯಿಂದ ತೆಗೆದದ್ದು. ಪ್ರಾಣಿಕೊಬ್ಬಿನಿಂದ ಮಾಡಿದ್ದೂ ಇರುತ್ತದೆ. ದೇವರ ಮುಂದೆ ಇಡುವವರು, ಸಸ್ಯಾಹಾರಿಗಳು ಕೇಳಿ ಕೊಳ್ಳಿ.

ಮೇಣ ಮತ್ತು ಸ್ಟಿಯರಿಕ್ ಸೇರಿ ಒಟ್ಟು ತೂಕದ ನೂರಕ್ಕೆ 10 ಪಾಲು ಸ್ಟಿಯರಿಕ್ ಇರಲಿ. ಕ್ಯಾಂಡಲ್ ಗಟ್ಟಿಯಾಗುತ್ತದೆ, ಹಾಲುಬಿಳಿ ಬಣ್ಣ ಬರುತ್ತದೆ, ಬಣ್ಣ ಹಾಕಿದರೆ ತುಂಬಿಕೊಂಡು ಕಾಣುತ್ತದೆ, ಆರುವಾಗ ಚೆನ್ನಾಗಿ ಕುಗ್ಗಿ ಅಚ್ಚು ಬಿಡುತ್ತದೆ. ವೋಟಿವ್‌ಗೆ ಬೇಕಿದ್ದರೆ ನೂರಕ್ಕೆ 3-5, ಇಲ್ಲದಿದ್ದರೂ ನಡೆಯುತ್ತದೆ. ಸ್ಟಿಯರಿಕ್ ಹಾಕಿದ ಮೇಣವನ್ನು ತಾಮ್ರದ, ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಬೇಡಿ. ಅದು ತಾಮ್ರವನ್ನು ತಿಂದು ಹಸಿರಾಗುತ್ತದೆ. ಸ್ಟೀಲ್ ಪಾತ್ರೆ ಸಾಕು. ರಬ್ಬರಿನ ಅಚ್ಚಿದ್ದರೆ ಅದೂ ಬೇಗ ಹಾಳಾಗುತ್ತದೆ.

ಜೇನುಮೇಣ: ಮಲೆನಾಡಿಗೆ ಹತ್ತಿರದ ಮೇಣ

ಜೇನುಮೇಣ ಕರಗುವುದು 62-64 ಡಿಗ್ರಿಗೆ. ಅಂದರೆ ಪಿಲ್ಲರ್‌ಗೆ ಬೇಕಾದ ಗಟ್ಟಿತನ ಹುಟ್ಟಿನಿಂದಲೇ ಇದೆ. ನಿಧಾನವಾಗಿ ಉರಿಯುತ್ತದೆ, ಪರಿಮಳ ಹಾಕುವುದು ಬೇಡವೇ ಬೇಡ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ತೋಟದಲ್ಲಿ ತುಡುವೆ ಪೆಟ್ಟಿಗೆ ಇಟ್ಟವರ ಮನೆಯಲ್ಲಿ ಹಳೆಯ ಎರಿ ಮೂಲೆಯಲ್ಲಿ ಬಿದ್ದಿರುತ್ತದೆ. ತುಡುವೆಯಲ್ಲಿ ಸಿಗುವುದು ಕಡಿಮೆ. ಹೆಜ್ಜೇನಿನ ದೊಡ್ಡ ಎರಿಯಿಂದ ಜಾಸ್ತಿ ಬರುತ್ತದೆ. ಒಂದು ಕೇಜಿ ಮೇಣ ಕಟ್ಟಲು ಜೇನುಹುಳುಗಳು ಆರೇಳು ಕೇಜಿ ತುಪ್ಪ ತಿನ್ನುತ್ತವೆ ಅನ್ನುವುದು ಸಾಮಾನ್ಯ ಅಂದಾಜು. ಹಾಗಾಗಿ ಬೆಲೆ ಪ್ಯಾರಾಫಿನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ನನಗೆ ಕೇಳಿದರೆ ಇದನ್ನು ಬಣ್ಣ, ಪರಿಮಳ ಬೆರೆಸಿ ಕೆಡಿಸಬಾರದು. ಅದರ ಹಳದಿ, ಅದರ ವಾಸನೆ ಹಾಗೇ ಉಳಿಯಲಿ.

ಎರಿಯಿಂದ ಮೇಣ ತೆಗೆಯುವುದು ಹೀಗೆ. ತುಪ್ಪ ಹಿಂಡಿದ ಎರಿಯನ್ನು ತಣ್ಣೀರಿನಲ್ಲಿ ತೊಳೆದು, ಹಳೆಯ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ. ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ಗಂಟು ಮುಳುಗಿಸಿ, ಮೇಲೊಂದು ಕಲ್ಲು ಹೇರಿ. ಮಳೆನೀರು ಹಿಡಿದದ್ದಿದ್ದರೆ ಅದೇ ಒಳ್ಳೆಯದು. ಗಡಸು ನೀರಿನಲ್ಲಿ ಮೇಣ ನೊರೆನೊರೆಯಾಗಿ ನೀರಿನೊಂದಿಗೆ ಬೆರೆಯುತ್ತದೆ. ಕಬ್ಬಿಣದ ಬಾಣಲೆ ಬೇಡ, ಮೇಣ ಕಪ್ಪಾಗುತ್ತದೆ. ನೀರು ಕುದಿಯಲು ಬಿಡದೆ ಹಬೆಯಾಡುವಷ್ಟು ಬಿಸಿಯಲ್ಲಿ ಇಡಿ. ಮೇಣ ಬಟ್ಟೆಯ ಸಂದಿನಿಂದ ಮೇಲೆ ಬಂದು ತೇಲುತ್ತದೆ, ಹುಳದ ಗೂಡಿನ ಕಸವೆಲ್ಲ ಗಂಟಿನಲ್ಲೇ ಉಳಿಯುತ್ತದೆ. ಸೌಟಿನಿಂದ ಗಂಟನ್ನು ಒತ್ತಿ ಒತ್ತಿ ಕೊನೆಯ ಹನಿಯನ್ನೂ ಬಿಡಿಸಿ. ಆಮೇಲೆ ಪಾತ್ರೆಯನ್ನು ಮುಚ್ಚಿ, ಕಂಬಳಿ ಸುತ್ತಿ ರಾತ್ರಿಯಿಡೀ ಬಿಡಿ. ನಿಧಾನವಾಗಿ ಆರಿದಷ್ಟೂ ಕಸ ಚೆನ್ನಾಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಬಿಲ್ಲೆಯನ್ನು ಎತ್ತಿ ತಿರುಗಿಸಿದರೆ ಅಡಿಯಲ್ಲಿ ಕಂದು ಬಣ್ಣದ ಪುಡಿಪುಡಿ ಪದರ ಕಾಣುತ್ತದೆ. ಅದನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಇನ್ನೊಮ್ಮೆ ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಿದರೆ ಕ್ಯಾಂಡಲ್‌ಗೆ ತಯಾರು. 85 ಡಿಗ್ರಿ ದಾಟಿಸಿದರೆ ಬಣ್ಣ ಮಂಕಾಗುತ್ತದೆ, ನೆನಪಿರಲಿ.

ಹೊರಗೆ ಕೊಳ್ಳುವಾಗ ಕಲಬೆರಕೆ ನೋಡಿಕೊಳ್ಳಿ. ಪ್ಯಾರಾಫಿನ್‌ಗೆ ಹಳದಿ ಬಣ್ಣ ಹಾಕಿ ಕೊಡುವವರೂ ಇದ್ದಾರೆ. ತುಂಡನ್ನು ಹೆಬ್ಬೆರಳಿನಿಂದ ಉಜ್ಜಿ. ಜೇನುಮೇಣ ಸ್ವಲ್ಪ ಅಂಟಂಟಾಗಿ ಬೆರಳು ಹಿಡಿಯುತ್ತದೆ, ಪ್ಯಾರಾಫಿನ್ ಜಾರುತ್ತದೆ. ಮುರಿದರೆ ಜೇನುಮೇಣದ ಒಳಭಾಗ ಹರಳುಹರಳಾಗಿ, ಹೊಳಪಿಲ್ಲದೆ ಇರುತ್ತದೆ. ಹಳೆಯ ಜೇನುಮೇಣದ ಮೇಲೆ ಬೂದಿ ಹಚ್ಚಿದಂಥ ಬಿಳಿ ಪೊರೆ ಬಂದರೆ ಬೂಷ್ಟು ಅಂದುಕೊಳ್ಳಬೇಡಿ. ಅದು ಮೇಣದ್ದೇ ಗುಣ, ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ.

ಜೇನುಮೇಣಕ್ಕೆ ಎರಡು ತೊಡಕುಗಳಿವೆ. ಒಂದು, ಅದು ಲೋಹದ ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಸಿಲಿಕೋನ್ ಅಚ್ಚು ಬಳಸುವುದೇ ಜಾಣತನ. ಇನ್ನೊಂದು, ಬೇಗ ತಣ್ಣಗಾದರೆ ಬಿರುಕು ಬಿಡುತ್ತದೆ. ಡಿಸೆಂಬರಿನ ಚಳಿಯಲ್ಲಿ ಸುರಿದ ಮೇಲೆ ಅಚ್ಚಿನ ಮೇಲೊಂದು ರಟ್ಟಿನ ಪೆಟ್ಟಿಗೆ ಕವುಚಿ ಹಾಕಿ, ಅದರ ಮೇಲೆ ಕಂಬಳಿ ಹೊದಿಸಿ.

ಪೂರ್ತಿ ಜೇನುಮೇಣಕ್ಕೆ ದುಡ್ಡು ಸಾಲದಿದ್ದರೆ 58-60 ಪ್ಯಾರಾಫಿನ್‌ಗೆ ನೂರಕ್ಕೆ 10 ಪಾಲು ಜೇನುಮೇಣ ಸೇರಿಸಿ. ಉರಿಯುವ ಹೊತ್ತೂ ಕೊಂಚ ಹೆಚ್ಚುತ್ತದೆ. ಮಾರುವಾಗ ಮಾತ್ರ ಅದನ್ನು ‘ಜೇನುಮೇಣದ ಕ್ಯಾಂಡಲ್’ ಅನ್ನಬೇಡಿ. ಮಿಶ್ರಣ ಅಂತಲೇ ಚೀಟಿ ಅಂಟಿಸಿ.

ಸೋಯಾ, ತಾಳೆ, ತೆಂಗು, ಜೆಲ್

ಸೋಯಾ ಮೇಣಕ್ಕೆ ಈಗ ಬಹಳ ಹೆಸರು. 1990ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಇದು ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ಆನ್‌ಲೈನಿನಲ್ಲಿ ಸಿಗುವ ಹೆಚ್ಚಿನ ಸೋಯಾ ಡಬ್ಬಿ ಕ್ಯಾಂಡಲ್‌ಗೆ ಅಂತ ಮಾಡಿದ್ದು, 46-50 ಡಿಗ್ರಿಗೇ ಕರಗುತ್ತದೆ. ಪಿಲ್ಲರ್‌ಗೆ ಬರುವುದಿಲ್ಲ. ಕುಗ್ಗುವುದೂ ಕಮ್ಮಿ, ಅಚ್ಚಿನಿಂದ ಹೊರಗೆ ಬರಲು ಹಟ ಮಾಡುತ್ತದೆ. ‘ಪಿಲ್ಲರ್ ಸೋಯಾ’ ಅಂತ ಬೇರೆ ಬರುತ್ತದೆ, ಹೆಸರು ಓದಿ ತರಿಸಿ. ವೋಟಿವ್‌ಗೆ ಮಾತ್ರ ಡಬ್ಬಿ ಸೋಯಾವನ್ನು ಪ್ಯಾರಾಫಿನ್ ಜತೆ ಬೆರೆಸಿದರೆ ಒಳ್ಳೆಯ ಪಾಕ ಬರುತ್ತದೆ, ಅಳತೆ ಕೆಳಗೆ ಕೊಡುತ್ತೇನೆ.

ತಾಳೆ ಮೇಣ ಗಟ್ಟಿ, ಪಿಲ್ಲರ್‌ಗೆ ಒಗ್ಗುತ್ತದೆ. 90 ಡಿಗ್ರಿ ಹತ್ತಿರ ಸುರಿದು ನಿಧಾನವಾಗಿ ಆರಿಸಿದರೆ ಮೈಮೇಲೆ ಗರಿಯಂಥ ಹರಳಿನ ಚಿತ್ತಾರ ಮೂಡುತ್ತದೆ. ತೆಂಗಿನ ಮೇಣ ತೀರಾ ಮೆದು, ಡಬ್ಬಿಗೆ ಮಾತ್ರ. ಜೆಲ್ ಮೇಣ ನಿಲ್ಲುವುದೇ ಇಲ್ಲ.

ಪ್ಯಾರಾಫಿನ್ ಅಂದರೆ ಹೊಗೆ, ಸೋಯಾ ಅಂದರೆ ಹೊಗೆಯೇ ಇಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಬತ್ತಿ ದಪ್ಪವಾದರೆ, ಉದ್ದ ಬಿಟ್ಟರೆ, ಗಾಳಿಗೆ ಜ್ವಾಲೆ ಓಲಾಡಿದರೆ ಯಾವ ಮೇಣವೂ ಕಪ್ಪು ಹೊಗೆ ಬಿಡುತ್ತದೆ.

ನಮ್ಮ ಕಾಡಿನ ತುಪ್ಪಗಳಿಂದ ಆಗುವುದಿಲ್ಲವಾ?

ಮಲೆನಾಡಿನವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಮುರುಗಲ ಬೀಜದ ತುಪ್ಪ ಇದೆ, ಉಪ್ಪಾಗೆ ತುಪ್ಪ ಇದೆ, ಸಾಲುಧೂಪದ ಬೀಜದ ಕೊಬ್ಬೂ ಇದೆ. ಸಾಲುಧೂಪದ ಕೊಬ್ಬಿನಿಂದ ಪಶ್ಚಿಮ ಕರಾವಳಿಯಲ್ಲಿ ಮೇಣದಬತ್ತಿ ಮಾಡುತ್ತಿದ್ದ ವಿಷಯ ಬ್ರಿಟಿಷರ ಕಾಲದ ಬರಹಗಳಲ್ಲಿ ಸಿಗುತ್ತದೆ.

ಆದರೆ ಇವೆಲ್ಲ ಕರಗುವುದು 40 ಡಿಗ್ರಿ ಆಸುಪಾಸಿನಲ್ಲಿ. ಮುರುಗಲ ತುಪ್ಪವನ್ನು ಅಂಗೈಯಲ್ಲಿ ಹಿಡಿದು ಉಜ್ಜಿದರೇ ಕರಗುತ್ತದೆ, ಒಡೆದ ಹಿಮ್ಮಡಿಗೆ ಹಚ್ಚುವುದು ಅದಕ್ಕೇ ಅಲ್ವಾ? ಅದರಲ್ಲಿ ಸ್ಟಿಯರಿಕ್ ಧಾರಾಳವಾಗಿದೆ ನಿಜ. ಆದರೆ ಅದು ಗ್ಲಿಸರಿನ್ ಜತೆ ಕಟ್ಟಿಕೊಂಡಿರುತ್ತದೆ, ಪಕ್ಕದಲ್ಲೇ ದ್ರವ ಎಣ್ಣೆಯ ಅಂಶವೂ ಇರುತ್ತದೆ. ಅದನ್ನು ಬಿಡಿಸಿ ಗಟ್ಟಿ ಭಾಗವನ್ನಷ್ಟೇ ತೆಗೆಯುವ ದಾರಿ ಸಿಕ್ಕ ಮೇಲೆಯೇ ಕೊಬ್ಬಿನ ಕ್ಯಾಂಡಲ್ ನೆಟ್ಟಗೆ ನಿಂತದ್ದು. ಫ್ರಾನ್ಸಿನ ಶೆವ್ರೆಲ್ ಮತ್ತು ಗೇ-ಲುಸ್ಸಾಕ್ 1825ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ಮನೆಯಲ್ಲಿ ಅದು ಆಗುವ ಕೆಲಸವಲ್ಲ. ಕಾಡಿನ ತುಪ್ಪವನ್ನು ಹಣತೆಗೆ ಹಾಕಿ ಉರಿಸಿ, ಅಡುಗೆಗೆ ಬಳಸಿ. ಪಿಲ್ಲರ್‌ಗೆ ಬೆರೆಸಿದರೆ ಕ್ಯಾಂಡಲ್ ಮೆದುವಾಗುತ್ತದೆ, ತುಪ್ಪವೂ ದಂಡ.

ಪಿಲ್ಲರ್ ಮಾಡುವ ಕ್ರಮ

ಎಷ್ಟು ಮೇಣ ಬೇಕು ಅಂತ ತಿಳಿಯಲು ಅಚ್ಚಿಗೆ ನೀರು ತುಂಬಿ ಅಳೆಯಿರಿ. ಎಷ್ಟು ಮಿಲಿಲೀಟರ್ ಬಂತೋ ಅದನ್ನು 0.9ರಿಂದ ಗುಣಿಸಿದರೆ ಗ್ರಾಂ ಲೆಕ್ಕದಲ್ಲಿ ಮೇಣ ಸಿಗುತ್ತದೆ. 7 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಅಚ್ಚಿಗೆ 385 ಮಿಲಿಲೀಟರ್ ನೀರು ಹಿಡಿಯುತ್ತದೆ, ಅಂದರೆ ಹತ್ತಿರಹತ್ತಿರ 350 ಗ್ರಾಂ. ಇದರಲ್ಲಿ 315 ಗ್ರಾಂ ಪ್ಯಾರಾಫಿನ್, 35 ಗ್ರಾಂ ಸ್ಟಿಯರಿಕ್. ಪೂರ್ತಿ ಜೇನುಮೇಣದ್ದಾದರೆ 0.96ರಿಂದ ಗುಣಿಸಿ, 370 ಗ್ರಾಂ. ಅಳೆದ ಮೇಲೆ ಅಚ್ಚನ್ನು ಚೆನ್ನಾಗಿ ಒರೆಸಿ ಒಣಗಿಸಿ. ಒಂದು ಹನಿ ನೀರು ಉಳಿದರೂ ಕ್ಯಾಂಡಲ್ ಮೈಯಲ್ಲಿ ಗುಳಿ ಬೀಳುತ್ತದೆ.

1. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಒಳಗೆ ಸಣ್ಣ ಸ್ಟೀಲ್ ಪಾತ್ರೆ ಇಟ್ಟು ಮೇಣ, ಸ್ಟಿಯರಿಕ್ ಎರಡನ್ನೂ ಕರಗಿಸಿ. ಮೇಣವನ್ನು ನೇರ ಉರಿಗೆ ಇಡಬೇಡಿ. ಒಲೆ ಬಿಟ್ಟು ಕದಲಬೇಡಿ. ಅಕಸ್ಮಾತ್ ಹೊತ್ತಿಕೊಂಡರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ. ನೀರು ಎರಚಿದರೆ ಬೆಂಕಿ ಮೇಲಕ್ಕೆ ಚಿಮ್ಮುತ್ತದೆ.

2. ಅಚ್ಚಿನ ತಳದ ತೂತಿನಿಂದ ಬತ್ತಿ ಏರಿಸಿ, ಮೇಲೆ ಕಡ್ಡಿಗೆ ಬಿಗಿಯಾಗಿ ಕಟ್ಟಿ. ಕೆಳಗಿನ ತೂತಿಗೆ ಮಕ್ಕಳು ಆಡುವ ಕ್ಲೇ ಮೆತ್ತಿ. ಪ್ಲಂಬರ್ ಬಳಸುವ ಪಿವಿಸಿ ಪೈಪನ್ನು ಅಚ್ಚು ಮಾಡಿಕೊಳ್ಳುವವರಿದ್ದಾರೆ. 80 ಡಿಗ್ರಿ ಬಿಸಿಗೆ ಅದು ಮೆದುವಾಗುತ್ತದೆ, ಅಲ್ಯೂಮಿನಿಯಂ ಅಚ್ಚೇ ವಾಸಿ.

3. ಬಣ್ಣ ಹಾಕುವುದಿದ್ದರೆ ಮೇಣಕ್ಕೆಂದೇ ಬರುವ, ಎಣ್ಣೆಯಲ್ಲಿ ಕರಗುವ ಬಣ್ಣ ಹಾಕಿ. ಅರಿಶಿನ, ಕುಂಕುಮ, ರಂಗೋಲಿ ಪುಡಿ ಕರಗುವುದಿಲ್ಲ. ಬತ್ತಿಯ ಸಂದಿಗೆ ಸೇರಿಕೊಂಡು ಜ್ವಾಲೆಯನ್ನು ಕೊಲ್ಲುತ್ತವೆ. ಪರಿಮಳ ನೂರಕ್ಕೆ 3 ಪಾಲು ಮೀರದಿರಲಿ, ಜಾಸ್ತಿ ಹಾಕಿದರೆ ಪಿಲ್ಲರ್ ಮೆದುವಾಗುತ್ತದೆ. ಸ್ಪ್ರೇ ಸೆಂಟು ಯಾವತ್ತೂ ಬೇಡ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. 1944ರಿಂದ ಶ್ರೀಗಂಧದೆಣ್ಣೆ ಕಾರ್ಖಾನೆ ಇದ್ದ ಊರು ನಮ್ಮ ಶಿವಮೊಗ್ಗ, ಗಂಧದ ಪರಿಮಳ ಬೇಕು ಅನ್ನಿಸುವುದು ಸಹಜ. ಆದರೆ ಅಸಲಿ ಗಂಧದೆಣ್ಣೆಯನ್ನು ಮೇಣಕ್ಕೆ ಹಾಕಿ ಸುಡಬೇಡಿ. ಕ್ಯಾಂಡಲ್‌ಗೆಂದು ಮಾಡಿದ ಗಂಧದ ಪರಿಮಳ ಸಿಗುತ್ತದೆ, ಅದೇ ಸಾಕು.

4. ಮೇಣ 80-85 ಡಿಗ್ರಿ ಇರುವಾಗ ಅಂಚಿನಿಂದ ನಿಧಾನವಾಗಿ ಸುರಿಯಿರಿ. ಹತ್ತರಲ್ಲಿ ಒಂದು ಪಾಲು ಪಾತ್ರೆಯಲ್ಲೇ ಉಳಿಸಿಕೊಳ್ಳಿ. ಅಚ್ಚಿನ ಮೈಗೆ ಬೆರಳಿನಿಂದ ತಟ್ಟಿ, ಗಾಳಿಗುಳ್ಳೆ ಮೇಲೆ ಬರಲಿ. ಮಳೆಗಾಲದಲ್ಲಿ ಅಚ್ಚು ತಣ್ಣಗೆ ಕೊರೆಯುತ್ತಿರುತ್ತದೆ. ಅದನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳದಿದ್ದರೆ ಕ್ಯಾಂಡಲ್ ಮೈಮೇಲೆ ಅಡ್ಡಗೆರೆಗಳು ಬೀಳುತ್ತವೆ.

5. ಮೇಲೆ ಅರ್ಧ ಸೆಂಟಿಮೀಟರ್ ಕೆನೆ ಕಟ್ಟಿದಾಗ ಬಿದಿರು ಕಡ್ಡಿಯಿಂದ ಬತ್ತಿಯ ಸುತ್ತ ಮೂರು ನಾಲ್ಕು ಕಡೆ ಆಳವಾಗಿ ಚುಚ್ಚಿ. ಒಳಗಿನ ಮೇಣ ಕುಗ್ಗುವಾಗ ಟೊಳ್ಳು ಉಳಿಯುತ್ತದೆ, ಚುಚ್ಚದಿದ್ದರೆ ಅದು ಹೊರಗೆ ಕಾಣದೆ ಒಳಗೇ ಇರುತ್ತದೆ. ತೂತು ಮುಚ್ಚಿಕೊಂಡರೆ ಮತ್ತೆ ಚುಚ್ಚಿ.

6. ಕ್ಯಾಂಡಲ್ ಪೂರ್ತಿ ಆರಿದ ಮೇಲೆ, ಉಳಿಸಿದ ಮೇಣವನ್ನು ಮೊದಲಿಗಿಂತ 5 ಡಿಗ್ರಿ ಹೆಚ್ಚಿಗೆ ಕಾಯಿಸಿ ಗುಂಡಿಗೆ ತುಂಬಿ. ಮೊದಲು ಸುರಿದ ಗೆರೆಯನ್ನು ದಾಟಬಾರದು. ದಾಟಿದರೆ ಮೇಣ ಕ್ಯಾಂಡಲ್‌ಗೂ ಅಚ್ಚಿಗೂ ನಡುವೆ ಇಳಿದು ಬೆಸೆದುಕೊಳ್ಳುತ್ತದೆ.

7. ಒಂದು ರಾತ್ರಿ ಬಿಟ್ಟು ಕ್ಲೇ ತೆಗೆದು ಎಳೆಯಿರಿ. ಅವಸರಕ್ಕೆ ಫ್ರಿಜ್ಜಿನಲ್ಲಿ ಇಟ್ಟರೆ ಬಿರುಕು ಬಿಡುತ್ತದೆ.

ವೋಟಿವ್‌ಗೆ

ಕ್ರಮ ಬಹುತೇಕ ಅದೇ, ಪಾಕ ಬೇರೆ. ಒಂದಕ್ಕೆ ಸುಮಾರು 55 ಗ್ರಾಂ, ಹತ್ತು ಮಾಡಲು 550 ಗ್ರಾಂ. 54-56 ಪ್ಯಾರಾಫಿನ್ ಸಿಕ್ಕರೆ ಹಾಗೇ ಬಳಸಿ. 58-60 ಮಾತ್ರ ಇದ್ದರೆ ಅದರ 385 ಗ್ರಾಂಗೆ 165 ಗ್ರಾಂ ಡಬ್ಬಿ ಸೋಯಾ ಸೇರಿಸಿ, ಎಪ್ಪತ್ತಕ್ಕೆ ಮೂವತ್ತರ ಲೆಕ್ಕ. 75 ಡಿಗ್ರಿಗೆ ಸುರಿಯಿರಿ. ಪರಿಮಳ ಇಲ್ಲಿ ನೂರಕ್ಕೆ 4-5ರವರೆಗೆ ಹಿಡಿಯುತ್ತದೆ. ಬಾಯಿ ಅಗಲ, ತಳ ಸಣ್ಣ ಇರುವ ಪುಟ್ಟ ಸ್ಟೀಲ್ ಲೋಟಗಳೇ ಒಳ್ಳೆಯ ಅಚ್ಚು. ನಡುವೆ ಸ್ವೆಟರ್ ಹೆಣೆಯುವ ಕಡ್ಡಿ ನಿಲ್ಲಿಸಿ ಸುರಿದು, ಆರಿದ ಮೇಲೆ ಕಡ್ಡಿ ತೆಗೆದು ಆ ತೂತಿಗೆ ತಳದ ತಗಡಿರುವ ಬತ್ತಿ ಏರಿಸಿ. ಉರಿಸುವ ಗ್ಲಾಸು ದಪ್ಪನೆಯದಾಗಿರಬೇಕು, ಸುತ್ತ 3-5 ಮಿಲಿಮೀಟರ್ ಸಂದು ಇರಬೇಕು. ಜ್ಯೂಸಿನ ತೆಳು ಲೋಟ ಬಿಸಿಗೆ ಸೀಳಿಹೋಗುತ್ತದೆ.

ಮಳೆನಾಡಿನಲ್ಲಿ ಬತ್ತಿ

ಮೇಣ ಸರಿಯಿದ್ದರೂ ಬತ್ತಿ ತಂಡಿ ಹಿಡಿದಿದ್ದರೆ ಕ್ಯಾಂಡಲ್ ಚಟಪಟ ಅನ್ನುತ್ತದೆ, ಆರಿ ಆರಿ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಹತ್ತಿಯ ನೂಲು ಬಿಡುತ್ತದಾ? ಬತ್ತಿಯನ್ನು ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ ಇಡಿ. ಬಳಸುವ ಮೊದಲು ಕರಗಿದ ಮೇಣದಲ್ಲಿ ಮುಳುಗಿಸಿ ಹಿಡಿಯಿರಿ. ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುತ್ತದೆ, ಒಳಗಿನ ಗಾಳಿ ಮತ್ತು ತೇವ ಹೊರಡುವುದು ಅದು. ಗುಳ್ಳೆ ನಿಂತ ಮೇಲೆ ತೆಗೆದು ನೆಟ್ಟಗೆ ಎಳೆದು ಕಾಗದದ ಮೇಲೆ ಮಲಗಿಸಿ.

ಬತ್ತಿಯನ್ನು ಮನೆಯಲ್ಲೇ ಮಾಡುವುದಾದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಉಪ್ಪು, ಎರಡು ಚಮಚ ಬಿಳಿಗಾರ ಕರಗಿಸಿ, ಹೆಣೆದ ಹತ್ತಿ ನೂಲನ್ನು ಒಂದು ರಾತ್ರಿ ನೆನೆಸಿ. ಆಮೇಲೆ ಬಚ್ಚಲ ಒಲೆಯ ಮೇಲಿನ ತಂತಿಗೆ ನೇತುಹಾಕಿ ಗರಿಗರಿ ಒಣಗಿಸಿ. ಜೇನುಮೇಣ ಕರಗಿದಾಗ ಮಂದವಾಗಿರುತ್ತದೆ, ಅದನ್ನು ಹೀರಲು ಪ್ಯಾರಾಫಿನ್‌ಗಿಂತ ಒಂದು ಅಳತೆ ದಪ್ಪ ಬತ್ತಿ ಬೇಕು. ಚೌಕ ಹೆಣಿಗೆಯ ಬತ್ತಿ ಸಿಕ್ಕರೆ ಅದಕ್ಕೆ ಹೇಳಿ ಮಾಡಿಸಿದ್ದು.

ಉರಿಸಿ ನೋಡಿ, ತೂಗಿ ನೋಡಿ

ಹೊಸ ಮೇಣ ತಂದಾಗಲೆಲ್ಲ ಒಂದೇ ಒಂದು ಕ್ಯಾಂಡಲ್ ಮಾಡಿ ಪರೀಕ್ಷಿಸಿ. ಬತ್ತಿಯನ್ನು 5 ಮಿಲಿಮೀಟರಿಗೆ ಕತ್ತರಿಸಿ, ಗಾಳಿ ಬೀಸದ ಜಾಗದಲ್ಲಿ ಪಿಂಗಾಣಿ ತಟ್ಟೆಯ ಮೇಲಿಟ್ಟು ಹಚ್ಚಿ. ಅಡಿಕೆ ಹಾಳೆ ತಟ್ಟೆಯ ಮೇಲೆ ಯಾವ ಕಾರಣಕ್ಕೂ ಇಡಬೇಡಿ, ಅದು ಹೊತ್ತಿಕೊಳ್ಳುತ್ತದೆ. 7 ಸೆಂಟಿಮೀಟರ್ ಅಗಲದ ಪಿಲ್ಲರ್ ಅನ್ನು ಮೂರು ಗಂಟೆ ಉರಿಸಿ. ಕೊಳ ಅಂಚಿನ ಹತ್ತಿರ ಬಂದು, ಸುತ್ತ ಒಂದು ಸೆಂಟಿಮೀಟರಿನಷ್ಟು ಗೋಡೆ ನಿಂತಿದ್ದರೆ ಮೇಣ, ಬತ್ತಿ ಎರಡೂ ಹೊಂದಿವೆ. ಗೋಡೆ ಒಡೆದು ಸೋರಿದರೆ ಬತ್ತಿ ಸಣ್ಣದು ಮಾಡಿ ನೋಡಿ. ಆಗಲೂ ಸೋರಿದರೆ ಮೇಣದ ಡಿಗ್ರಿ ಸಾಲದು. ನಡುವೆ ಕಿರಿದಾದ ತೂತು ಕೊರೆದರೆ ಬತ್ತಿ ದಪ್ಪ ಮಾಡಿ.

ಹಚ್ಚುವ ಮೊದಲು ಮತ್ತು ಆರಿಸಿದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದು ಜ್ವಾಲೆ ಸಾಮಾನ್ಯವಾಗಿ ಗಂಟೆಗೆ 5ರಿಂದ 8 ಗ್ರಾಂ ಮೇಣ ತಿನ್ನುತ್ತದೆ. ನಿಮ್ಮದು ಎಷ್ಟು ತಿನ್ನುತ್ತದೆ ಅಂತ ಗೊತ್ತಾದರೆ ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತ ಲೆಕ್ಕ ಹಾಕಬಹುದು. ಕೇಜಿಗೆ ಅಗ್ಗ ಅಂತ ತಂದ ಮೇಣ ಗಂಟೆ ಲೆಕ್ಕದಲ್ಲಿ ದುಬಾರಿಯಾಗುವುದು ಆಗ ಕಾಣುತ್ತದೆ. ಮಾರುವವರು ಬೆಲೆ ಕಟ್ಟಬೇಕಾದದ್ದೂ ಇದರ ಮೇಲೆಯೇ.

ಉಳಿದ ಮೇಣವನ್ನು ಬಚ್ಚಲಿಗೋ ಸಿಂಕಿಗೋ ಸುರಿಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಹಾಳೆ ತಟ್ಟೆಯಲ್ಲಿ ಸುರಿದು ಬಿಲ್ಲೆ ಮಾಡಿ, ಡಿಗ್ರಿ ಮತ್ತು ಬೆರಕೆಯ ಅಳತೆ ಬರೆದ ಚೀಟಿ ಹಾಕಿ ಎತ್ತಿಡಿ. ಗುರುತು ತಪ್ಪಿದ ಚೂರುಗಳನ್ನು ಪಿಲ್ಲರ್‌ಗೆ ಮತ್ತೆ ಹಾಕಬೇಡಿ. ಅವನ್ನು ಕರಗಿಸಿ ಒಣಗಿದ ಅಡಿಕೆ ಸಿಪ್ಪೆಯನ್ನು ಅದ್ದಿಟ್ಟುಕೊಂಡರೆ, ಹಸಿ ಸೌದೆಯ ದಿನಗಳಲ್ಲಿ ಬಚ್ಚಲ ಒಲೆ ಹೊತ್ತಿಸಲು ಬರುತ್ತದೆ.